ಐಸಿಯು ಅಕ್ಕನಿಗೆ ಹೇಳದೇ ಉಳಿದದ್ದು

ಮೊನ್ನೆ ಕಾಚಿಗೂಡದಲ್ಲಿ ರೈಲು ಹತ್ತಿ ಕೂತಿದ್ದೆ. ಎದುರಿನ ಹೆಂಗಸು ಹುರಿದ ಓಂಕಾಳಿನ ಪೊಟ್ಟಣ ಬಿಚ್ಚಿದಳು. ಆ ವಾಸನೆಗೆ ಅಕ್ಕನೇ ಪಕ್ಕದಲ್ಲಿ ಬಂದು ಕೂತಂತಾಯಿತು... ಅವರ ಏಪ್ರನ್ ಜೇಬಿನಲ್ಲಿ ಅದು ಸದಾ ಇರುತ್ತಿತ್ತು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಹೈದರಾಬಾದಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಹಿರಿಯ ಫಾರ್ಮಸಿಸ್ಟ್, ಬೀದರ್ ಕಡೆಯವರು. ನಾನು ಆಗಷ್ಟೇ ಅವರ ಕೈಕೆಳಗೆ ಸೇರಿದ್ದೆ. ದಿನವಿಡೀ ತೆಲುಗು, ಹಿಂದಿ ಮಾತಾಡಿ ಸುಸ್ತಾದವಳಿಗೆ ಅವರ ಕನ್ನಡವೇ ಆಸರೆ.

ಅವರದೊಂದು ಪದ್ಧತಿ. ರೋಗಿಯ ಮಂಚದ ಬಳಿ ನಿಂತು ಎರಡೆರಡೇ ಔಷಧದ ಹೆಸರು ಓದುವರು. "ಕೂಡತಾವ" ಇಲ್ಲವೇ "ಕೂಡಂಗಿಲ್ಲ" ಅಂತ ನಾನು ಹೇಳಬೇಕು. ಒಂದು ಮದ್ದು ಇನ್ನೊಂದನ್ನು ಕೆಡಿಸೀತು ಅನ್ನುವ ಭಯ ಅವರಿಗೆ.

ಊರೆಲ್ಲ ಸಾಫ್ಟ್‌ವೇರ್ ಹುಚ್ಚು ಹಿಡಿದ ಕಾಲ. ನಮ್ಮಲ್ಲೂ ಕಂಪ್ಯೂಟರ್ ಬಂತು. ಕೂಡದ ಔಷಧ ಕಂಡರೆ ಕೆಂಪು ಪಟ್ಟಿ ತೋರಿಸುತ್ತಿತ್ತು. ಸಣ್ಣದಕ್ಕೂ ದೊಡ್ಡದಕ್ಕೂ ಅದೇ ಕೆಂಪು. ಓದದೇ ಎಂಟರ್ ಒತ್ತುವುದು ನಮಗೆಲ್ಲ ರೂಢಿಯಾಯಿತು. ಕಂಪ್ಯೂಟರೇ ನೋಡಿಕೊಳ್ಳುತ್ತದೆ ಅಂತ ಅಕ್ಕನ ಓದು ನಿಂತಾಗ ಪೀಡೆ ತೊಲಗಿತು ಅಂದುಕೊಂಡೆ. ದಡ್ಡಿ ನಾನು.

ಉಪ್ಪಲ್‌ನಲ್ಲಿ ಕಟ್ಟಡದ ಕೆಲಸಕ್ಕಿದ್ದ ಯಾದಗಿರಿಯ ಗೌಂಡಿಯೊಬ್ಬ ಮೈಗೆ ನಂಜೇರಿ ಬಂದ. ಮೊದಲಿನಿಂದ ಮೂರ್ಛೆಯ ಗುಳಿಗೆ ತೆಗೆದುಕೊಳ್ಳುತ್ತಿದ್ದ. ನಂಜಿಗೆ ಹೊಸ ಇಂಜೆಕ್ಷನ್ ಬರೆದರು. ಕೆಂಪು ಪಟ್ಟಿ ಬಂತು. ಒತ್ತಿದೆ.

ಮರುದಿನ ಅವನಿಗೆ ಫಿಟ್ಸ್. ನಂಜು ಮಿದುಳಿಗೇರಿದೆ ಅಂದರು ಡಾಕ್ಟರು. ಅಕ್ಕ ಹೊರಗೆ ಹೋಗಿ ಅವನ ಹೆಂಡತಿಯ ಪಕ್ಕ ನೆಲದ ಮೇಲೆ ಕೂತು ವಿಚಾರಿಸಿದರು.

"ಮೂರು ವರ್ಷದಿಂದ ಒಮ್ಮಿನೂ ಬಂದಿಲ್ರಿ. ಗುಳಿಗಿ ತಪ್ಪಿಸಿಲ್ರಿ," ಅಂದಳು ಆಕೆ.

ಅಕ್ಕ ಬಂದು ಫೈಲಿನಲ್ಲಿ ಎರಡು ಹೆಸರು ಓದಿದರು. ಹೊಸ ಇಂಜೆಕ್ಷನ್ ಹಳೆಯ ಗುಳಿಗೆಯ ಬಲ ಕುಗ್ಗಿಸಿತ್ತು.

"ಕೆಂಪು ಬಂದಿತ್ತೇನು?" ಅಂತ ನನ್ನ ಕೇಳಿದರು.

"ಇಲ್ರೀ ಅಕ್ಕಾ," ಅಂದೆ.

ನನ್ನ ಮುಖ ನೋಡಿದರು... ಡಾಕ್ಟರ ಮುಂದೆ ಹೋಗಿ ತಮ್ಮದೇ ಕಣ್ತಪ್ಪು ಅಂತ ಒಪ್ಪಿಕೊಂಡರು. ಇಂಜೆಕ್ಷನ್ ಬದಲಾಯಿತು, ಗೌಂಡಿ ಉಳಿದ. ಬೈಗುಳವೆಲ್ಲ ಅಕ್ಕ ತಿಂದರು. ಮಾರನೆಯ ದಿನ ಮತ್ತೆ ಮಂಚದ ಬಳಿ ನಿಂತು ಓದತೊಡಗಿದರು. ನನಗೆ ಒಂದು ಮಾತೂ ಅನ್ನಲಿಲ್ಲ.

ಇವತ್ತು ಹೇಳಬೇಕು, ನಾಳೆ ಹೇಳಬೇಕು ಅನ್ನುವಷ್ಟರಲ್ಲಿ ನಿವೃತ್ತರಾಗಿ ಊರಿಗೆ ಹೋದರು. ಹೋಗಿ ಹೇಳಿ ಬರೋಣ ಅನ್ನುವಷ್ಟರಲ್ಲಿ ತೀರಿಕೊಂಡರು... ಅವರಿಗೆ ಹೇಳಬೇಕಿದ್ದ ನಿಜ ಇನ್ನೂ ಹೊಟ್ಟೆಯಲ್ಲೇ ಇದೆ.

ಈಗ ಹೊಸ ಹುಡುಗಿಯರಿಗೆ ನಾನೇ ಕೆಲಸ ಕಲಿಸುತ್ತೇನೆ. ಮೊದಲ ದಿನವೇ ಆ ಎಂಟರ್, ಆ ಸುಳ್ಳು ಎರಡನ್ನೂ ಹೇಳಿಬಿಡುತ್ತೇನೆ. ಪಾಪ, ನನಗೇ ಸಮಾಧಾನ ಹೇಳುತ್ತಾರೆ. ನನಗೆ ಬೇಕಿದ್ದದ್ದು ಸಮಾಧಾನವಲ್ಲ, ಅಕ್ಕನ ಬಾಯಿಂದ ಒಂದು ಬೈಗುಳ.