ಹೂಂ ನಿಂತ ಜಾಗ

ನಮ್ಮ ಚಿಗವ್ವ ದೇವಕ್ಕ ಶಿರಸಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಹುಟ್ಟಿದ ಊರು ಬನವಾಸಿ ಕಡೆಯದು. ಗಂಡ ತೀರಿಕೊಂಡ ಮೇಲೆ ಟ್ರೇನಿಂಗ್ ಮುಗಿಸಿ ಬಂದವಳು, ಗನಿ ಸಾಹೇಬರ ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದು ಅಲ್ಲೇ ಉಳಿದಳು. ಇನ್ನರ್ಧದಲ್ಲಿ ಸಾಹೇಬರ ಹೆಂಡತಿ ಬಿಸ್ಮಿಲ್ಲಾ ಬಿ, ಚಿಗವ್ವನ ಬಾಯಲ್ಲಿ ಬೂಬಮ್ಮ. ಸಾಹೇಬರು ಲಾರಿಯ ಮೇಲೆ ಹುಬ್ಬಳ್ಳಿ, ಕುಮಟಾ ಎಂದು ತಿರುಗುತ್ತಿದ್ದುದರಿಂದ ಸಂಜೆಯಾದರೆ ಇಬ್ಬರು ಹೆಂಗಸರಿಗೂ ಒಂದೇ ಜಗಲಿ. ಅರವತ್ತಮೂರರಲ್ಲಿ ಕಾಲೇಜಿಗೆಂದು ನಾನೂ ಬಂದು ಆ ಜಗಲಿ ಸೇರಿದೆ.

ಚಿಗವ್ವ ಕಥೆ ಬರೆಯುತ್ತಾಳೆಂದು ನನಗೆ ತಿಳಿದದ್ದು ಆಗಲೇ. ಮಕ್ಕಳ ಹಳೆಯ ಪರೀಕ್ಷೆ ಹಾಳೆಗಳ ಖಾಲಿ ಬೆನ್ನಿಗೆ ಬರೆಯುತ್ತಿದ್ದಳು. ಈ ಕಡೆ ಕಥೆ, ಆ ಕಡೆ ಯಾರದೋ ತಪ್ಪು ಭಾಗಾಕಾರ. ಅವಳ ಅಕ್ಷರ ಕರಿಹಲಗೆಯ ಅಳತೆಯದು. ಒಂದು ಹಾಳೆಗೆ ನಾಲ್ಕಾರು ಸಾಲು ಹಿಡಿದರೆ ಹೆಚ್ಚು. ಹಾಗಾಗಿ ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಕಳಿಸಿದ ಕಥೆಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಬಂದಿದ್ದವು. ಮರುವರ್ಷ ಶಿವರಾತ್ರಿಗೆ ಮುಂಚೆ ಬಂದ ಲಕೋಟೆಯಲ್ಲಿ ಮಾತ್ರ ಸಂಪಾದಕರ ಕೈಬರಹವಿತ್ತು. ತಿದ್ದಿ ಕಳಿಸಿದರೆ ಯುಗಾದಿ ಸಂಚಿಕೆಗೆ ನೋಡೋಣ ಎಂದು ಬರೆದಿದ್ದರು. ಪಾತ್ರಗಳ ಮಾತು ಗ್ರಂಥಭಾಷೆಯಲ್ಲಿರಲಿ. ಹೇಳಿದ್ದನ್ನೇ ಹೇಳುವುದು ಬೇಡ. ಕಂಡಕ್ಟರನ ಲಗ್ನದ ಪ್ರಸಂಗ ತೆಗೆಯಿರಿ, ಅದು ಈ ಕಥೆಯ ದಾರಿಯಲ್ಲ. ಸೂರ್ಯೋದಯದ ವರ್ಣನೆ ಸೊಗಸಾಗಿದೆ, ಇನ್ನಷ್ಟು ಬೆಳೆಸಬಹುದು.

ಚಿಗವ್ವ ಅದನ್ನು ಓದಿ ಕನ್ನಡಕ ತೆಗೆದಿಟ್ಟಳು. "ನೋಡ ನೀಲಾ, ಇದು ಅಚ್ಚಾತು ಅಂದ್ರ ಮುಂದ ಬರೀತೀನಿ. ಇಲ್ಲಾಂದ್ರ ಇರೂ ಹಾಳಿ ಎಲ್ಲಾ ಒಲಿಗೆ."

ಅವಳು ತಮಾಷೆಗೂ ಸುಳ್ಳಾಡುವವಳಲ್ಲ. ಅವತ್ತಿನಿಂದ ಒಲೆ ಹೊತ್ತಿಸುವಾಗಲೆಲ್ಲ ನನ್ನ ಕಣ್ಣು ಆ ಹಾಳೆಗಳ ಕಟ್ಟಿನ ಕಡೆ ಹೋಗುತ್ತಿತ್ತು.

ಕಥೆ ಇಷ್ಟೇ. ಮುರಿಗೆವ್ವ ಎಂಬ ಮುದುಕಿ, ಯಲ್ಲಾಪುರದಲ್ಲಿ ಹೆರಿಗೆಯಾದ ಮಗಳಿಗೆಂದು ಬಿಸಿ ರೊಟ್ಟಿ ಕಟ್ಟಿಕೊಂಡು ಹೊರಡುತ್ತಾಳೆ. ಬೋರ್ಡು ಓದಲು ಬಾರದೆ ಶಿರಸಿಯಲ್ಲಿ ಸಿದ್ದಾಪುರದ ಬಸ್ಸು ಹತ್ತುತ್ತಾಳೆ. ದಾರಿಯಲ್ಲಿ ಕಂಡಕ್ಟರ್ ತನ್ನ ಲಗ್ನದ ಪ್ರಸಂಗ ಹೇಳಿಕೊಳ್ಳುತ್ತಾನೆ. ಕಂಡಕ್ಟರಿಗೆ, ಪಕ್ಕದವರಿಗೆ, ಕಾನಸೂರಿನಲ್ಲಿ ಇಳಿಸಿದ ಮೇಲೆ ಚಹಾದಂಗಡಿಯವನಿಗೆ, ಎಲ್ಲರಿಗೂ ಅವಳದು ಒಂದೇ ಮಾತು: "ಮಗಳು ಹಸಿ ಬಾಣಂತಿ ಅದಾಳಪಾ, ರೊಟ್ಟಿ ಆರಾಕ ಹತ್ತ್ಯಾವು." ತಿರುಗಿ ಹೋಗುವ ಬಸ್ಸು ಬರುವುದಿಲ್ಲ. ಕಾನಸೂರಿನ ಮರದ ಕೆಳಗೆ ಎಳೆಗೂಸು ಹಿಡಿದು ಗಾಡಿ ಕಾಯುತ್ತಿದ್ದ ಯಾರೋ ಹುಡುಗಿಯ ಮುಂದೆ ಮುದುಕಿ ಗಂಟು ಬಿಚ್ಚುತ್ತಾಳೆ. ಬಿಚ್ಚುತ್ತ ಮತ್ತೆ ಅದೇ ಮಾತು ಆಡುತ್ತಾಳೆ.

ಸಂಪಾದಕರು ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಕೊಳ್ಳಲು ಚಿಗವ್ವನಿಗೆ ಮನಸ್ಸಾಗಲಿಲ್ಲ. ಅವಳ ಹಳ್ಳಿಯಲ್ಲಿ ಕಥೆ ಹೇಳುವಾಗ ಎದುರಿಗೆ ಒಬ್ಬರು ಹೂಂಗುಟ್ಟಲೇಬೇಕು. ಹೂಂ ನಿಂತಿತೆಂದರೆ ಕೇಳುವವರಿಗೆ ನಿದ್ದೆ ಬಂತೆಂದು ಲೆಕ್ಕ. ಹೇಳುವವರು ಅಲ್ಲಿಗೆ ಬಿಟ್ಟು ಏಳುತ್ತಾರೆ. ಚಿಗವ್ವ ಅದನ್ನೇ ತಕ್ಕಡಿ ಮಾಡಿಕೊಂಡಳು. ಬಿಸ್ಮಿಲ್ಲಾ ಬಿಗೆ ಓದಿ ಹೇಳುವುದು, ಹೂಂ ನಿಂತಲ್ಲಿ ಪೆನ್ಸಿಲ್ ಗೀರು ಎಳೆಯುವುದು.

"ಸುಮ್ಮನ ಹೂಂ ಅನಬಾರದು ಮತ್ತ," ಎಂದಳು.

"ಅರೆ, ನನ್ನ ಬಾಯಿಗೂ ಪರೀಕ್ಷೆಯಾ ಅಕ್ಕೋರೆ? ಫೇಲ್ ಮಾಡ್ಬೇಡಿ," ಎಂದು ಬಿಸ್ಮಿಲ್ಲಾ ಬಿ ಅಕ್ಕಿಯ ಮೊರ ಮಡಿಲಿಗೆ ಎಳೆದುಕೊಂಡರು.

ಸೂರ್ಯೋದಯಕ್ಕೆ ಹೂಂ, ಹೂಂ, ಹೂಂ. ಕಲ್ಲು ಆರಿಸುವ ಬೆರಳು, ಹೂಂ ಎನ್ನುವ ಬಾಯಿ ಎರಡೂ ಒಂದೇ ಲಯದಲ್ಲಿ ನಡೆದಿದ್ದವು. ಕಂಡಕ್ಟರನ ಲಗ್ನಕ್ಕೆ ಹೂಂ ಜೊತೆ ನಗುವೂ ಬಂತು. ಮುದುಕಿ ಎರಡನೆಯ ಸಲ ರೊಟ್ಟಿಯ ಮಾತೆತ್ತಿದಾಗ ಹೂಂ ಬರಲಿಲ್ಲ. ಮೂರನೆಯ ಸಲವೂ ಇಲ್ಲ. ಗಂಟು ಬಿಚ್ಚುವಲ್ಲಂತೂ ಪೂರ್ತಿ ಮೌನ. ಮೊರದ ಮೇಲೆ ಬೆರಳೂ ನಿಂತಿದ್ದನ್ನು ನಾನು ನೋಡಿದೆ. ನೋಡಿದೆ ಅಷ್ಟೆ, ಅದರಿಂದ ಏನನ್ನೂ ತಿಳಿಯಲಿಲ್ಲ.

"ಸಂಪಾದಕರ ಮಾತು ಖರೇನ ಐತಿ," ಎಂದಳು ಚಿಗವ್ವ, ಗೀರುಗಳನ್ನು ನೋಡುತ್ತ. "ಅಲ್ಲೇ ನಿಂತೈತಿ ಹೂಂ."

ಎರಡು ಕಡೆಯ ನಿಯಮಗಳೂ ಒಂದೇ ಜಾಗಕ್ಕೆ ಬೆರಳು ತೋರಿಸಿದ ಮೇಲೆ ಅವಳು ತಡ ಮಾಡಲಿಲ್ಲ. ರೊಟ್ಟಿಯ ಮಾತು ಒಂದೇ ಸಲಕ್ಕೆ ಇಳಿಯಿತು, ಅದೂ "ನನ್ನ ಪುತ್ರಿಯು ಬಾಣಂತಿಯಾಗಿರುವಳು, ರೊಟ್ಟಿಗಳು ತಣ್ಣಗಾಗುತ್ತಿವೆ" ಎಂದಾಯಿತು. ಲಗ್ನ ಹೋಯಿತು. ಸೂರ್ಯ ಇನ್ನೂ ನಿಧಾನವಾಗಿ ಹುಟ್ಟಿದ. ಶುದ್ಧಪ್ರತಿ ಮಾಡುವಾಗ ಮುರಿಗೆವ್ವ ಸೆರಗು ಸರಿಮಾಡಿಕೊಂಡು ಭಾಷಣಕ್ಕೆ ನಿಂತಂತೆ ನನಗೆ ಕಂಡಿತು. ಆದರೂ ಇದ್ದದ್ದನ್ನು ಇದ್ದಂತೆಯೇ ಬರೆದೆ.

ತಿದ್ದಿದ ಕಥೆಯನ್ನು ಮರುವಾರ ಓದಿದಳು. ಮೊದಲಿಂದ ಕೊನೆಯವರೆಗೆ ಪ್ರತಿ ವಾಕ್ಯಕ್ಕೂ ತಪ್ಪದೆ ಹೂಂ. ಓದುವುದು ಮುಗಿಯುವಾಗ ಮೊರದ ಅಕ್ಕಿಯೂ ಪೂರ್ತಿ ಹಸನಾಗಿತ್ತು. ಚಿಗವ್ವನ ಮುಖ ಅರಳಿತ್ತು. "ಒಂದು ಕಡೇನೂ ನಿಂತಿಲ್ಲ ನೋಡು!"

ಬಿಸ್ಮಿಲ್ಲಾ ಬಿ ಮೊರ ಕೆಳಗಿಟ್ಟರು. "ಚಂದ ಉಂಟು. ಆದ್ರೆ ಅಕ್ಕೋರೆ, ಆ ಮೊನ್ನೆಯ ಮುದುಕಿ ಎಂತ ಆದ್ಲು?"

"ಯಾವ ಮುದುಕಿ? ಇದು ಅಕಿದ ಕಥಿ."

"ಇವಳು ಬೇರೆ ಯಾರೋ, ಮಾಮಲೇದಾರರ ಹೆಂಡ್ತಿ ಹಂಗೆ ಮಾತಾಡ್ತಾಳೆ. ಆ ಮುದುಕಿ, ರೊಟ್ಟಿ ಆರ್‍ತದೆ ರೊಟ್ಟಿ ಆರ್‍ತದೆ ಅಂತ ಬಡ್ಕೊಳ್ತಾ ಇದ್ಲಲ್ಲ, ಅವಳು."

"ಅದಕ್ಕ ನೀವು ಹೂಂ ಅನಲಿಲ್ಲಲ್ರೀ!"

"ಹೂಂ ಹೆಂಗೆ ಅನ್ನೋದು? ಅವಳಿಗೆ ಆ ಬಸ್ಸು ಯಲ್ಲಾಪುರಕ್ಕೆ ಹೋಗೂದಿಲ್ಲ ಅಂತ ಯಾರಾದ್ರೂ ಹೇಳ್ತಾರೋ ಇಲ್ವೋ ಅಂತ ನಾನು ನೋಡ್ತಾ ಇದ್ದೆ. ಹೂಂ ಅನ್ನೋದು ಮರ್ತೇ ಹೋಯ್ತು." ಮೊರ ಮತ್ತೆ ಎತ್ತಿಕೊಂಡು, "ಕಂಡಕ್ಟರನ ಲಗ್ನಾನೂ ಕಾಣ್ಲಿಲ್ಲ. ಅದೊಂದು ಚಲೋ ಇತ್ತು," ಎಂದರು.

ಚಿಗವ್ವ ಹಳೆಯ ಪ್ರತಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಾನೇ ಎಳೆದ ಗೀರುಗಳ ಮೇಲೆ ಬೆರಳಾಡಿಸಿದಳು. ಮೊರದ ಮೇಲೆ ನಿಂತ ಬೆರಳಿನ ಸಂಗತಿಯನ್ನು ನಾನು ಆಗ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಹೊಸ ಲೆಕ್ಕ ಸಿಕ್ಕ ಹುಡುಗಿಯ ಹಾಗೆ ನೋಡಿದಳು. "ಹಂಗಾರ ಹೂಂ ನಿಲ್ಲೂದರಾಗ ಎರಡು ಜಾತಿ ಅದಾವು. ನಿದ್ದಿ ಬಂದು ನಿಲ್ಲೂದೊಂದು, ನಿದ್ದಿ ಹಾರಿ ನಿಲ್ಲೂದೊಂದು."

ಆಮೇಲೆ ತಿದ್ದಿದ ರೀತಿಯೇ ಬೇರೆ. ಹೂಂ ಒಂದೇ ಸಮನೆ ಬಿದ್ದ ಜಾಗಗಳನ್ನು ಅನುಮಾನಿಸಿ ಓದಿದಳು. ಸಂಪಾದಕರು ಮೆಚ್ಚಿದ ಸೂರ್ಯೋದಯ ಒಂದು ಸಾಲಿಗೆ ಇಳಿಯಿತು. ಮುರಿಗೆವ್ವನಿಗೆ ಅವಳ ಮಾತು ಅಷ್ಟೂ ಸಲ ವಾಪಸು ಬಂತು. ಕಥೆಯನ್ನು ಹೇಳುವ ವಾಕ್ಯಗಳು ಮಾತ್ರ ಗ್ರಂಥಭಾಷೆಯಲ್ಲೇ ಉಳಿದವು. ಕಂಡಕ್ಟರನ ಲಗ್ನವನ್ನು ಬಿಸ್ಮಿಲ್ಲಾ ಬಿ ಎಷ್ಟು ಕೇಳಿದರೂ ಸೇರಿಸಲಿಲ್ಲ.

"ಅದು ಬ್ಯಾರೆ ಕಥಿ ಬೂಬಮ್ಮ. ಸಂಪಾದಕರು ಹೇಳಿದ್ದರಾಗ ಅದೊಂದು ಖರೆ."

"ನನ್ನ ಹೂಂಗೆ ಬೆಲೆ ಇಲ್ಲ ಅನ್ನಿ."

"ಐತಿ. ಆದ್ರ ನಿಮ್ಮ ನಗೀನ ನಂಬಾಕ ಆಗೂದಿಲ್ಲ, ಎಲ್ಲಾರ ಲಗ್ನಕ್ಕೂ ನಗತೀರಿ."

ಲಕೋಟೆಯನ್ನು ಅಂಚೆಗೆ ಹಾಕಿ ಬಂದ ದಿನ, ಅವರು ಹೇಳಿದ್ದರಲ್ಲಿ ಅರ್ಧ ನಾನು ಕೇಳಲಿಲ್ಲ, ಅಚ್ಚು ಹಾಕೂದಿಲ್ಲ ಬಿಡು ಎಂದಳು ಚಿಗವ್ವ. ಹಾಳೆಗಳ ಕಟ್ಟನ್ನು ಒಲೆಯ ಹತ್ತಿರದ ಗೂಡಿಗೆ ಸರಿಸಿಟ್ಟಳು. ನಾನು ಅದನ್ನು ಮತ್ತೆ ಪೆಟ್ಟಿಗೆಯ ಮೇಲಿಟ್ಟೆ. ಮಾರನೆಯ ಬೆಳಿಗ್ಗೆ ನೋಡಿದರೆ ತಿರುಗಿ ಗೂಡಿನಲ್ಲೇ ಇತ್ತು.

ಯುಗಾದಿ ಸಂಚಿಕೆಯನ್ನು ಹುಬ್ಬಳ್ಳಿಯಿಂದ ತಂದವರು ಗನಿ ಸಾಹೇಬರು. ಕಥೆ ಅಚ್ಚಾಗಿತ್ತು. ಚಿಗವ್ವ ಓದಲು ಒಲ್ಲೆನೆಂದು ಒಳಗೆ ಹೋಗಿ ಪಾತ್ರೆ ತಿಕ್ಕಲು ಕೂತಳು. ಜಗಲಿಯಲ್ಲಿ ನಾನೇ ಓದಿದೆ. ಮುರಿಗೆವ್ವ ಬಸ್ಸು ಹತ್ತಿದ ಮೇಲೆ ಹೂಂ ಇಲ್ಲವಾಯಿತು. ಒಳಗೆ ಪಾತ್ರೆಯ ಸದ್ದೂ ನಿಂತಿತು.

ಕೊನೆಗೆ ಬಂದಾಗ ನಾನು ತಡೆದು ನಿಂತೆ. ನಾನೇ ಬರೆದ ಪ್ರತಿ ನನಗೆ ಬಾಯಿಪಾಠವಿತ್ತು. ಅಚ್ಚಿನಲ್ಲಿ ಮುದುಕಿ ಹುಡುಗಿಯ ಮುಂದೆ ಗಂಟು ಬಿಚ್ಚಿದಲ್ಲಿಗೆ ಕಥೆ ಮುಗಿದಿತ್ತು. ಕೊನೆಯ ಸಲದ ರೊಟ್ಟಿಯ ಮಾತನ್ನು ಸಂಪಾದಕರು ಹೊಡೆದುಹಾಕಿದ್ದರು.

ಬಿಸ್ಮಿಲ್ಲಾ ಬಿ ನನ್ನ ಬಾಯನ್ನೇ ನೋಡುತ್ತಿದ್ದರು. ಇನ್ನೇನೂ ಬರದೆ ಇದ್ದಾಗ, ಮೊರದ ಅಕ್ಕಿಯ ಕಡೆ ಮುಖ ಮಾಡಿ, ಮೆಲ್ಲಗೆ ತಾವೇ ಅಂದರು: "ರೊಟ್ಟಿ ಆರಾಕ ಹತ್ತ್ಯಾವು."

ಚಿಗವ್ವ ಬೂದಿ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು.

"ಅಲ್ಲಿ ತಗದಾರೇನು?"

"ಹೂಂ ಚಿಗವ್ವ. ಬರೆದು ಕೇಳೋಣ ಅವರಿಗೆ."

ಅವಳು ಬಿಸ್ಮಿಲ್ಲಾ ಬಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಬ್ಯಾಡ. ಅಲ್ಲಿ ನಾನು ಅನೂದು ಬೇಕಿರಲಿಲ್ಲ," ಎಂದಳು. ಕೈ ತೊಳೆದು ಬಂದು, ಗೂಡಿನಿಂದ ಹಾಳೆಗಳ ಕಟ್ಟನ್ನು ಇಳಿಸಿ, ಬೆನ್ನು ಖಾಲಿ ಇರುವ ಒಂದನ್ನು ಹುಡುಕತೊಡಗಿದಳು. "ಬೂಬಮ್ಮ, ಆ ಕಂಡಕ್ಟರನ ಲಗ್ನದಾಗ ನೀವು ಎಲ್ಲಿ ನಕ್ಕಿದ್ರಿ, ಹೇಳ್ರಿ."