ಆ ಮೂರು ದಿನಗಳ ನೀರು

ಟೀಚರಮ್ಮನ ಕನ್ನಡಕಕ್ಕೆ ಒಂದೇ ಕಡ್ಡಿ. ಮುರಿದ ಕಡೆಗೆ ಕಪ್ಪು ನೂಲು ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಗಿಡದ ಬುಡಕ್ಕೆ ಬಗ್ಗಿದಾಗಲೆಲ್ಲ ಅದು ಮೂಗಿನ ತುದಿಗೆ ಜಾರುತ್ತಿತ್ತು. ಕೈ ಮಣ್ಣಾಗಿದ್ದರಿಂದ ಮೂಗನ್ನೇ ಕುಣಿಸಿ ಮೇಲೇರಿಸುತ್ತಿದ್ದರು. ನಾನು ನಕ್ಕರೆ, "ನಗು ನಗು. ನಿನಗೂ ಒಂದು ದಿನ ಕನ್ನಡಕ ಬರ್ತದೆ" ಎನ್ನುತ್ತಿದ್ದರು. ಬಂತು.

ಅವರು ಮಂಗಳೂರಿನ ಕಡೆಯವರು. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾಪೋಕ್ಲಿನ ಹತ್ತಿರ ನಮ್ಮೂರಿನ ಶಾಲೆಗೆ ಬಂದು, ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಅಲ್ಲಿ ಬಾವಿ ಇರಲಿಲ್ಲ, ನಮ್ಮ ಬಾವಿಯೇ ಅವರಿಗೂ. ಮಳೆಗಾಲ ಕಳೆದ ಮೇಲೆ ಹಿತ್ತಲಲ್ಲಿ ಟೊಮೆಟೊ ಹಾಕಿದರು. ದಿನಾ ಸಂಜೆ ಅದಕ್ಕೆ ನೀರು ಹೊರುವ ಕೆಲಸ ನನ್ನದು.

ಆ ವರ್ಷವೇ ನಾನು ದೊಡ್ಡವಳಾದೆ. "ಸಾಕ್, ಇನ್ನ್ ಶಾಲೆ ಬೊತ್ತು" ಎಂದುಬಿಟ್ಟರು ಅಜ್ಜಿ. ನಮ್ಮ ಅರೆಭಾಷೆಯಲ್ಲಿ ಬೊತ್ತು ಎಂದರೆ ಬೇಡ. ಅಜ್ಜಿ ಬೊತ್ತು ಎಂದರೆ ಮುಗಿಯಿತು. ಅಪ್ಪನೂ ಅವರ ಮಾತು ಮೀರುತ್ತಿರಲಿಲ್ಲ. ಟೀಚರಮ್ಮ ಬಂದು, ಕೊಟ್ಟ ಕಾಫಿ ಆರಿ ತಣ್ಣಗಾದರೂ ಏಳದೆ, ಅಂತೂ ಅಜ್ಜಿಯನ್ನು ಒಪ್ಪಿಸಿದರು. ಒಪ್ಪಿಗೆಗೆ ಒಂದು ಷರತ್ತಿತ್ತು. ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕು, ಶಾಲೆಗೆ ಹೋಗಬಾರದು, ಬಾವಿ ಸೇದಬಾರದು, ಗಿಡಗಳ ಹತ್ತಿರ ಸುಳಿಯಬಾರದು. ನನ್ನಿಂದ ಒಂದು ಕಾಯಿ ಕೊಳೆತರೂ ಶಾಲೆ ಬಿಡಿಸುವುದಾಗಿ ಅಜ್ಜಿ ಹೇಳಿದ್ದರು. ಆಡಿದ ಮಾತನ್ನು ಅವರು ಮರೆಯುವವರಲ್ಲ.

ಶಿವರಾತ್ರಿಗೆ ಮೊದಲಿನ ಚುರುಗುಟ್ಟುವ ಬಿಸಿಲು. ಒಂದು ಸಂಜೆ ನೀರು ಹಾಕಿ ಬಂದ ಮೇಲೆ ಗೊತ್ತಾಯಿತು, ನನ್ನ ದಿನಗಳು ಶುರುವಾಗಿದ್ದವು. ಹೊರಗೆ ಕೂತೆ. ಟೀಚರಮ್ಮ ತರಬೇತಿಗೆಂದು ಮಡಿಕೇರಿಗೆ ಹೋಗಿದ್ದರು, ಗಿಡಗಳನ್ನು ಕೇಳುವವರಿರಲಿಲ್ಲ. ನಾಲ್ಕನೇ ದಿನ ಮಿಂದು ಓಡಿದರೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಗಾಬರಿಯಲ್ಲಿ ಕೊಡದ ಮೇಲೆ ಕೊಡ ಸುರಿದು ಹಿತ್ತಲನ್ನು ಗದ್ದೆ ಮಾಡಿದೆ. ಸ್ವಲ್ಪ ದಿನದಲ್ಲೇ ಹಸಿರು ಕಾಯಿಗಳ ಅಡಿಯಲ್ಲಿ, ಹೂ ಉದುರಿದ ಜಾಗದಲ್ಲಿ, ಕಪ್ಪು ಕಲೆ ಕಾಣಿಸಿತು.

ಆ ಸಂಜೆ ತಿಳಿಯದೆ ಗಿಡಕ್ಕೆ ಕೈ ತಾಗಿಸಿದ್ದೆನಲ್ಲ, ಅಜ್ಜಿ ಹೇಳಿದ್ದೇ ನಿಜವಾಯಿತು ಎಂದುಕೊಂಡೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕಪ್ಪಾದವನ್ನು ಕಿತ್ತು ಅಲ್ಲೇ ಬುಡದ ಮಣ್ಣಿನಲ್ಲಿ ಹೂತುಹಾಕುತ್ತಿದ್ದೆ. ಮರುದಿನ ಇನ್ನೆರಡು ಕಪ್ಪಾಗಿರುತ್ತಿದ್ದವು. ಅಜ್ಜಿ ಬೇಲಿಯ ಕಡೆ ಹೆಜ್ಜೆ ಹಾಕಿದರೆ ಸಾಕು, ಏನಾದರೂ ನೆಪ ಹೇಳಿ ಒಳಗೆ ಕರೆಯುತ್ತಿದ್ದೆ.

ಟೀಚರಮ್ಮ ಮರಳಿ ಬಂದು, ಬುಡ ಒಣಗದಂತೆ ತರಗೆಲೆ ಹಾಸಲು ಮಣ್ಣು ಕೆದಕಿದರು. ನಾನು ಹೂತದ್ದೆಲ್ಲ ಮೇಲೆ ಬಂತು.

"ಇದೆಂತ ಮಾರಾಯ್ತಿ, ಟೊಮೆಟೊಗೆ ಸ್ಮಶಾನ ಮಾಡಿದ್ದೀಯಾ?"

ಅತ್ತುಕೊಂಡು ಎಲ್ಲ ಹೇಳಿದೆ. ಅವರು ನಗಲಿಲ್ಲ. ಒಂದು ಕೊಳೆತ ಕಾಯಿ ತಿರುಗಿಸಿ ನೋಡಿ, "ನೀನು ನೀರು ಹಾಕಿದ್ದಕ್ಕೆ ಆದದ್ದಲ್ಲ ಇದು, ಹಾಕದೆ ಬಿಟ್ಟದ್ದಕ್ಕೆ ಆದದ್ದು" ಎಂದರು. "ಕಾಯಿ ಗಟ್ಟಿಯಾಗ್ಲಿಕ್ಕೆ ಸುಣ್ಣ ಬೇಕು. ಇಲ್ಲಿಯ ಮಳೆ ಮಣ್ಣಿನ ಸುಣ್ಣವನ್ನೆಲ್ಲ ಹೊಳೆಗೆ ತೊಳೀತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುದು ನೋಡ್ಲಿಲ್ವಾ? ಉಳಿದ ಚೂರೂ ನೀರಿನ ಜೊತೆಗೇ ಗಿಡಕ್ಕೆ ಹತ್ತಬೇಕು. ನೀನು ಮೂರು ದಿನ ಒಣಗಿಸಿ ನಾಲ್ಕನೇ ದಿನ ಮುಳುಗಿಸಿದರೆ ಕಾಯಿಯ ತುದಿಯವರೆಗೆ ಅದು ಹೋಗುದು ಹೇಗೆ?"

ಬುಡಕ್ಕೆ ಸುಣ್ಣದ ಪುಡಿ ಉದುರಿಸಿ, ತರಗೆಲೆ ಹಾಸಿದರು. ಇಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ನೇರ ಅಜ್ಜಿಯ ಮುಂದೆ ನಿಂತು, "ಮುಂದಿನ ಸಲ ಆ ಮೂರು ದಿನವೂ ಇವಳೇ ನೀರು ಹಾಕಲಿ. ಕಾಯಿ ಎಲ್ಲ ಕೊಳೆತರೆ ನಾನೇ ಶಾಲೆಯಿಂದ ಇವಳ ಹೆಸರು ಹೊಡೆದು ಹಾಕ್ತೇನೆ" ಎಂದುಬಿಟ್ಟರು. ಅಜ್ಜಿ ಆಗಲಿ ಎಂದರು. ನನ್ನನ್ನು ಒಂದು ಮಾತೂ ಕೇಳದೆ ಟೀಚರಮ್ಮ ನನ್ನ ಶಾಲೆಯನ್ನೇ ಪಣಕ್ಕಿಟ್ಟಿದ್ದರು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ದಿನಗಳು ಬಂದವು. ಬಾವಿಯಿಂದ ಟೀಚರಮ್ಮ ಸೇದಿಕೊಟ್ಟರು, ನಾನು ಹಾಕಿದೆ. ಅಜ್ಜಿ ಬೇಲಿಯಾಚೆ ನಿಂತು ನೋಡಿದರು. ಅವರನ್ನೇ ನೋಡುತ್ತ ಚೊಂಬು ಬಗ್ಗಿಸಿದರೆ ಅರ್ಧ ನೀರು ನನ್ನ ಕಾಲ ಮೇಲೇ ಬೀಳುತ್ತಿತ್ತು. ಆಮೇಲಿನ ದಿನಗಳಲ್ಲಿ ಒಂದೊಂದು ಕಾಯಿಯನ್ನೂ ಎತ್ತಿ ಅಡಿ ನೋಡುವುದೇ ನನ್ನ ಕೆಲಸವಾಯಿತು. ಒಂದು ಕಪ್ಪಾಗಿಯೇಬಿಟ್ಟಿತು. ಕಿತ್ತು ಹೂಳಲು ಹೋದವಳ ಕೈಯನ್ನು ಟೀಚರಮ್ಮ ಹಿಡಿದು, "ಬೇಡ. ಅದನ್ನೂ ತೋರಿಸುವ" ಎಂದರು.

ಹಣ್ಣಾದ ಮೇಲೆ ಬುಟ್ಟಿ ತುಂಬಿ, ಕೊಳೆತದ್ದನ್ನು ಎಲ್ಲದರ ಮೇಲೆ ಇಟ್ಟು ತಂದರು. ಅಜ್ಜಿ ಮೊದಲು ಅದನ್ನೇ ಎತ್ತಿಕೊಂಡರು.

"ಎಲ್ಲಾ ಗಿಡಕ್ಕೂ ಇವ್ಳೇ ನೀರ್ ಹಾಕಿದ್ದಾ?"

"ಎಲ್ಲದಕ್ಕೂ ಇವಳೇ."

ಅಜ್ಜಿ ಉಳಿದವನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಹುಟ್ಟಿದಂದಿನಿಂದ ಮಣ್ಣಿನಲ್ಲೇ ಬದುಕಿದ ಹೆಂಗಸು. "ಇವ್ಳಿಂದ ಆಗಿದ್ರೆ ಎಲ್ಲಾ ಕೊಳೀಬೇಕಿತ್ತಲ್ಲಾ" ಎಂದು ತಮಗೇ ಹೇಳಿಕೊಂಡಂತೆ ಹೇಳಿ, ನನ್ನ ಕಡೆ ನೋಡದೆ, "ಅವ್ಳು ಶಾಲೆಗೆ ಹೋಗ್ಲಿ" ಎಂದರು. ಇನ್ನು ಆ ಮೂರು ದಿನವೂ ಹೋಗಲಿ ಎಂದು ಟೀಚರಮ್ಮ ಅಲ್ಲೇ ಸೇರಿಸಿದರು. ಅಜ್ಜಿ ಬೊತ್ತು ಎನ್ನಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಮೇಲೆ ಅವರು ತಮ್ಮ ಊರ ಕಡೆಗೆ ಹೋದರು. ನಾನು ತರಬೇತಿ ಮುಗಿಸಿ ಭಾಗಮಂಡಲದ ಹತ್ತಿರ ಶಾಲೆಗೆ ಸೇರಿದ ವರ್ಷ, ಅವರು ತೀರಿಕೊಂಡರೆಂದು ಕಾರ್ಡು ಬಂತು. ನನಗೆ ಕೆಲಸ ಸಿಕ್ಕಿತೆಂದು ಬರೆದಿದ್ದ ಕಾಗದ ಅವರ ಕೈ ಸೇರಿತ್ತೋ ಇಲ್ಲವೋ, ಆ ಕೊರಗು ಇದೆ. ಪಾಠ ಹೇಳಿದಷ್ಟು ವರ್ಷವೂ, ಯಾವ ಹುಡುಗಿ ಮೂರು ದಿನ ಬರದೆ ಉಳಿದರೂ, ನಾನೇ ಅವಳ ಮನೆಗೆ ನಡೆದು ಹೋದೆ. ಬೈಸಿಕೊಂಡೆ. ಕರೆದುಕೊಂಡು ಬಂದೆ.