ಹಗೂರ ರೈಲು

ಪುಣೆಯಲ್ಲಿ ಊರೊಳಗೇ ಓಡುವ ರೈಲಿನ ಚಾಲಕಿಯಾಗಲು ಕಲಿಯುತ್ತಿದ್ದಾಗ ನಾನು ಒಮ್ಮೆ ನಪಾಸಾದೆ. ಓಡಿಸಲು ಚೆನ್ನಾಗಿ ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ.

ಈ ರೈಲು ಹೆಚ್ಚಿನ ಹೊತ್ತು ತಾನೇ ಓಡಿ ತಾನೇ ನಿಲ್ಲುತ್ತದೆ. ಆದರೆ ಯಂತ್ರ ಕೈಕೊಟ್ಟ ದಿನ ಚಾಲಕಿ ಬ್ರೇಕ್ ಹಿಡಿದು, ಪ್ಲಾಟ್‌ಫಾರ್ಮಿನ ತುದಿಯ ಗೆರೆಗೆ ಸರಿಯಾಗಿ ನಿಲ್ಲಿಸಬೇಕು. ಪರೀಕ್ಷೆಯ ದಿನ ಗೆರೆಗೇನೋ ಸರಿಯಾಗಿ ನಿಲ್ಲಿಸಿದೆ. ಆದರೆ ಕೊನೆಯ ಗಳಿಗೆಯಲ್ಲಿ ಗಾಡಿ ಎಂಥ ಜಗ್ಗು ಹೊಡೆಯಿತೆಂದರೆ, ಪಕ್ಕದಲ್ಲಿ ನಿಂತಿದ್ದ ಪರೀಕ್ಷಕಿಯ ಪೆನ್ನು ಹಾರಿ ಮುಂದಿನ ಗಾಜಿಗೆ ಬಡಿಯಿತು. "ಪಡಲೇ ಕೀ ಗ ಸಗಳೇ!" ಎಂದರು ಅವರು ಮರಾಠಿಯಲ್ಲಿ. ಎಲ್ಲರೂ ಬಿದ್ದರಲ್ಲೇ ಹುಡುಗಿ, ಎಂದು. ಹಿಂದಿನ ಡಬ್ಬಿಗಳು ಖಾಲಿಯಿದ್ದವು. ಆದರೂ ಬಿದ್ದವರೆಲ್ಲ ನನ್ನ ಕಣ್ಣಿಗೆ ಕಂಡರು.

ಹದಿನೈದು ದಿನ ಬಿಟ್ಟು ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಟಿಕೆಟ್ ಕಿಟಕಿಯಲ್ಲಿ ಕೂರಬೇಕು ಎಂದರು. ಆ ಕೆಲಸ ಕೆಟ್ಟದ್ದೇನಲ್ಲ. ಆದರೆ ಅಕ್ಕಲಕೋಟ ರೋಡ್ ಸ್ಟೇಷನ್ನಿನ ಆಚೆ ಅಪ್ಪನ ಜೊತೆ ಕುರಿ ಕಾಯುತ್ತ, ಹೋಗುವ ಒಂದೊಂದು ಇಂಜಿನ್ನಿಗೂ ಕೈ ಬೀಸುತ್ತ ಬೆಳೆದವಳು ನಾನು. ಮುಂದಿನ ಗಾಜಿನ ಹಿಂದೆ ಕೂರಬೇಕೆಂಬ ಆಸೆ ಅಂದಿನದು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಇರಲಿಲ್ಲ.

ಐದು ದಿನ ರಜೆ ಹಾಕಿ ಊರಿಗೆ ಹೊರಟೆ. ಸೊಲ್ಲಾಪುರದಲ್ಲಿ ಇಳಿದು ಅಕ್ಕಲಕೋಟಕ್ಕೆ ಒಂದು ಬಸ್ಸು, ಅಲ್ಲಿಂದ ಕರಜಗಿಗೆ ಇನ್ನೊಂದು. ದಾರಿಯುದ್ದಕ್ಕೂ ಡ್ರೈವರ್ ಬ್ರೇಕಿನ ಮೇಲೆ ಕಾಲಿಡುವುದನ್ನೇ ನೋಡುತ್ತ ಕುಳಿತಿದ್ದೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಜನ ಪಕ್ಕದವರ ಹೆಗಲ ಮೇಲೆ ಬಿದ್ದು, "ಯಾವೂರವ್ವ ನಿಂದು?" ಎಂದು ಮಾತಿಗೆ ಶುರುವಿಡುತ್ತಿದ್ದರು. ಇಲ್ಲಿ ನಿಜವಾಗಿ ಬಿದ್ದವರು ನಗುತ್ತಾರೆ, ಅಲ್ಲಿ ಇಲ್ಲದ ಜನ ಬಿದ್ದರೆಂದು ನಾನು ನಪಾಸು! ನನಗೆ ಮೈಯೆಲ್ಲ ಉರಿದುಹೋಯಿತು.

ಅವ್ವ ಬಾಗಿಲಲ್ಲೇ ನನ್ನ ಮುಖ ಓದಿದಳು. "ಏನಾತಬೇ? ಯಾರರ ಏನರ ಅಂದ್ರೇನು?"

ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. "ರೈಲು ನಿಂದರಸಾಕ ಬರವಲ್ದು ನನಗ!" ಎಂದು ಚೀಲವನ್ನು ಮೂಲೆಗೆ ಒಗೆದೆ.

ಅಪ್ಪ ಕಂಬಳಿ ಹಾಸಿ ಕೂತು ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದ. ಊರೊಳಗೆ ಓಡುವ ಇಂಥ ಗಾಡಿಗಳ ಒಂದು ಜಾತಿಗೆ ನಮ್ಮ ಪುಸ್ತಕದಲ್ಲಿ 'ಲೈಟ್ ರೈಲು' ಅನ್ನುತ್ತಾರೆ ಎಂದೆ.

"ಲೈಟ್ ಅಂದ್ರ ಕರೆಂಟಾ?" ನಮ್ಮ ಕಡೆ ಲೈಟ್ ಎಂದರೆ ಕರೆಂಟೇ. ಲೈಟ್ ಹೋಯಿತೆಂದರೆ ಬಾವಿಯ ಮೋಟಾರು ನಿಂತಿತು ಎಂದು ಅರ್ಥ.

"ಕರೆಂಟಿನ ಮ್ಯಾಲ ಓಡತದ ಖರೆ. ಆದ್ರ ಇಲ್ಲಿ ಲೈಟ್ ಅಂದ್ರ ಹಗೂರ. ದೊಡ್ಡ ರೈಲಿಗಿಂತ ಹಗೂರ ಗಾಡಿ."

"ಹಗೂರ ಗಾಡಿ," ಎಂದು ಅಪ್ಪ ಬೆಲ್ಲ ಚಪ್ಪರಿಸಿದಂತೆ ಹೇಳಿ ನೋಡಿದ. "ಹಂಗಾದ್ರ ಹಗೂರಕ ನಿಂದರಸಬೇಕಲ್ಲವ್ವ. ಹೆಸರಿನಾಗ ಹೇಳ್ಯಾರಲ್ಲ!"

ನಮ್ಮ ಮಾತಿನಲ್ಲಿ ಹಗೂರಕ ಎಂದರೆ ಮೆಲ್ಲಗೆ. ಕೂಸು ಮಲಗಿದ್ದರೆ ಹಗೂರಕ ನಡಿ ಅನ್ನುತ್ತೇವೆ. ತೂಕದ ಮಾತನ್ನು ಅಪ್ಪ ನಡೆಯ ಮಾತು ಮಾಡಿಬಿಟ್ಟಿದ್ದ.

"ಮೊದಲ ಇಂಥಾ ಗಾಡಿ ಯಾರು ಓಡಿಸ್ಯಾರ?" ಎಂದು ಮತ್ತೆ ಕೇಳಿದ. ತರಗತಿಯಲ್ಲಿ ಕಲಿತದ್ದನ್ನು ಹೇಳಿದೆ. ಮೊದಲು ಹಳಿಯ ಮೇಲೆ ಕುದುರೆ ಎಳೆಯುವ ಟ್ರಾಮು ಇತ್ತು, ಮುಂಬಯಿಯಲ್ಲೂ ಇತ್ತು. ಆಮೇಲೆ ಅದಕ್ಕೆ ಕರೆಂಟು ಬಂತು. ಬಸ್ಸು, ಮೋಟಾರು ಹೆಚ್ಚಾದ ಮೇಲೆ ಹಳಿಗಳನ್ನು ಕಿತ್ತರು. ಈಗ ರಸ್ತೆಗಳು ಉಸಿರುಕಟ್ಟುವಷ್ಟು ತುಂಬಿರುವುದರಿಂದ ಊರೂರಿನಲ್ಲಿ ಮತ್ತೆ ಹಳಿ ಹಾಕುತ್ತಿದ್ದಾರೆ. ಅಪ್ಪನ ಕಿವಿ ಮಾತ್ರ ಕುದುರೆಯ ಹತ್ತಿರವೇ ನಿಂತುಬಿಟ್ಟಿತ್ತು.

"ಅಂದ್ರ ಮೊದಲ ಓಡಿಸಿದಾಂವ ನನ್ನಂಥಾವನ!" ಎಂದು ತೊಡೆ ತಟ್ಟಿದ. "ನಾಳಿ ಮುಂಜಾನಿ ಎತ್ತು ಹೂಡತೀನಿ. ಗಾಡಿ ನೀ ಹೊಡಿ."

ನಮ್ಮದು ಟೈರಿನ ಬಂಡಿ, ಊರೊಳಗಿನ ರಸ್ತೆ ಸಿಮೆಂಟಿನದು. ಮರುದಿನ ಬೆಳಿಗ್ಗೆ ಅವ್ವ ಚಹಾದ ಹೋಟೆಲಿನ ಮುಂದೆ ರಂಗೋಲಿ ಪುಡಿಯಲ್ಲಿ ಅಡ್ಡಗೆರೆ ಎಳೆದು, ಒಂದು ಚರಗಿಯಲ್ಲಿ ಕಂಠದ ಮಟ ಮಜ್ಜಿಗೆ ತುಂಬಿ ಕೊಟ್ಟಳು. ಅಪ್ಪ ನನಗೆ ಬೆನ್ನು ಮಾಡಿ ಕೂತು, ಮೊಣಕಾಲುಗಳ ನಡುವೆ ಚರಗಿ ಇಟ್ಟುಕೊಂಡ.

"ನಾ ತಲಿ ಎತ್ತಂಗಿಲ್ಲ, ಮಜ್ಜಗಿ ಅಷ್ಟ ನೋಡತೀನಿ," ಎಂದ. "ಅದು ತುಳುಕಿದ್ರ ಗಾಡಿ ನಿಂತದಂತ ತಿಳಕೋತೀನಿ."

ಮೊದಲ ಸಲ ಗೆರೆ ಮುಟ್ಟುತ್ತಲೇ ಅಪ್ಪನ ಧೋತರದ ಮೇಲೆಲ್ಲ ಮಜ್ಜಿಗೆ. "ನಿಂತದ!" ಎಂದು ಕೂಗಿದ. ಹೋಟೆಲಿನಲ್ಲಿ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ಸುತ್ತಿಗೆ ಅವರಲ್ಲೊಬ್ಬ ಮುದುಕ ಎದ್ದು ಬಂದು, "ವಾಗದರಿಗೆ ಹೋಗತದೇನ್ರಿ ಮೇಡಂ ಮೆಟ್ರೊ?" ಎಂದು ಕೇಳಿದ.

"ಹೋಗತದರಿ. ಬೀಳಾಕ ತಯಾರ ಇದ್ರ ಹತ್ರಿ!" ಎಂದು ಸಿಡಿದೆ. ಆತ ನಿಜವಾಗಿಯೂ ಹತ್ತಿದ. ಹಿಂದೆಯೇ ಇನ್ನೂ ಇಬ್ಬರು ಹತ್ತಿದರು. ಗೆರೆಗೆ ಬಂದಾಗಲೆಲ್ಲ ಮೂವರೂ ಒಬ್ಬರ ಮೇಲೊಬ್ಬರು ಬಿದ್ದು, ಇಳಿಯದೆ ಮತ್ತೊಂದು ಸುತ್ತಿಗೆ ಕೂರುತ್ತಿದ್ದರು. ಸಿಟ್ಟಿನಿಂದ ಮುಖ ಊದಿಸಿಕೊಂಡಿದ್ದ ನಾನೂ ಕೊನೆಗೆ ನಕ್ಕುಬಿಟ್ಟೆ. ನಪಾಸಾದ ಮೇಲೆ ನಕ್ಕದ್ದು ಅದೇ ಮೊದಲು.

ಮೂರನೆಯ ದಿನ ಅಪ್ಪ ಚರಗಿ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು ಕೂತ. "ನೀ ಕಡೀತನಕ ಹಗ್ಗ ಜಗ್ಗೇ ಹಿಡಿಯಾಕತ್ತೀದಿ," ಎಂದ. "ದೂರಿಂದನ ಜಗ್ಗು. ಗೆರಿ ಸನೇಕ ಬಂದಕೂಡ್ಲೆ ಸಡ್ಲ ಬಿಡು. ಎತ್ತಿಗೂ ನಿಂದರಬೇಕಾಗೇದ, ತಾನ ನಿಂದರತದ. ಹಗೂರಕ."

ರೈಲಿನಲ್ಲೂ ನಾನು ಮಾಡಿದ್ದು ಅದೇ ತಪ್ಪು. ಗೆರೆ ದಾಟಿಬಿಡುತ್ತದೆಂಬ ಹೆದರಿಕೆಗೆ ಕೊನೆಯವರೆಗೂ ಬ್ರೇಕನ್ನು ಬಿಗಿಯಾಗಿ ಹಿಡಿದಿದ್ದೆ. ಕಲಿಸುವವರೂ ಇದನ್ನೇ ಹೇಳಿದ್ದರು, ನನ್ನ ತಲೆಗೆ ಹೋಗಿರಲಿಲ್ಲ. ಅಪ್ಪನ ಕೈ ನನ್ನ ಕೈಯ ಮೇಲಿದ್ದು ಹಗ್ಗ ಸಡಿಲವಾದಾಗ ಹೋಯಿತು. ಆ ಸಂಜೆ ತುಳುಕಿದ್ದು ನಾಲ್ಕೇ ಹನಿ. ಎತ್ತುಗಳ ಕೊರಳಿಗೆ ಬಿದ್ದು ಮುದ್ದಾಡಬೇಕೆನಿಸಿತು, ಮುದ್ದಾಡಿದೆ.

ಎರಡನೆಯ ಪರೀಕ್ಷೆಯಲ್ಲಿ ದೂರದಿಂದಲೇ ಬ್ರೇಕ್ ಹಾಕಿದೆ. ಗೆರೆ ಹತ್ತಿರವಾದಂತೆ ಸಡಿಲ ಬಿಡುತ್ತ "ಹಗೂರಕ, ಹಗೂರಕ" ಎಂದುಕೊಂಡೆ. ಪರೀಕ್ಷಕಿ ಪೆನ್ನನ್ನು ಬೇಕೆಂದೇ ನನ್ನ ಮುಂದಿನ ಮೇಜಿನ ಮೇಲೆ ಇಟ್ಟಿದ್ದರು. ಅದು ಅಲುಗಲಿಲ್ಲ. ಕೆಳಗಿಳಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: ಅದೇನು ಮಂತ್ರ ಹೇಳಿಕೊಳ್ಳುತ್ತಿದ್ದೆ? ನಮ್ಮಪ್ಪನದು ಎಂದೆ.

ನಾನು ಪಾಸಾದದ್ದಕ್ಕೆ ಅವ್ವ ನಮ್ಮ ಕುರಿ ಕಾಯುವವರ ದೇವರು ಬೀರೋಬಾನಿಗೆ ಅರಿಸಿನದ ಭಂಡಾರ ಹಾರಿಸಿ ಹರಕೆ ತೀರಿಸಿದಳು. ಕೆಲವು ತಿಂಗಳಾದ ಮೇಲೆ ಇಬ್ಬರೂ ಪುಣೆಗೆ ಬಂದರು. ನಾನು ಬಾಡಿಗೆಗೆ ಹಿಡಿದ ಖೋಲಿ ಇರುವುದು ಮೂರನೆಯ ಸ್ಟೇಷನ್ನಿನ ಹತ್ತಿರ. ಅಡುಗೆ ಮುಗಿಸಿ ಆ ಸ್ಟೇಷನ್ನಿನಲ್ಲೇ ಕಾಯುತ್ತೇನೆಂದು ಅವ್ವ ಉಳಿದಳು. ಅಪ್ಪ ಮೊದಲ ಸ್ಟೇಷನ್ನಿನಲ್ಲಿ ನನ್ನ ಗಾಡಿ ಹತ್ತಲು ಬಂದ, ಕೈಯಲ್ಲಿ ಅದೇ ಚರಗಿ. ತಪಾಸಣೆಯವರು ಇದೇನು, ಒಂದು ಗುಟುಕು ಕುಡಿದು ತೋರಿಸಿ ಎಂದರು. "ತಾಕ ಆಹೆ, ತಾಕ!" ಎಂದು ಅಪ್ಪ ಮಜ್ಜಿಗೆಯ ಹೆಸರನ್ನು ಮರಾಠಿಯಲ್ಲಿ ಹೇಳಿ, ಕುಡಿದು ತೋರಿಸಿ, ಮಟ್ಟ ಇಳಿಯಿತೆಂದು ನನ್ನ ಹತ್ತಿರ ಗೊಣಗಿದ. ಮೂರನೆಯದಕ್ಕೆ ಇಳಿ ಎಂದು ಎರಡೆರಡು ಸಲ ಹೇಳಿ ಕ್ಯಾಬಿನ್ನಿಗೆ ಹೋದೆ.

ಅಭ್ಯಾಸ ತಪ್ಪದಿರಲೆಂದು ಆಗಾಗ ಕೈಯಿಂದಲೇ ಓಡಿಸುವ ಸರದಿ ನಮಗೆ ಇರುತ್ತದೆ. ಆ ದಿನದ ಸರದಿ ನನ್ನದು. ಒಂದೊಂದು ಗೆರೆ ಬಂದಾಗಲೂ ಅಪ್ಪನ ಕೈ ನೆನೆದು ಸಡಿಲ ಬಿಟ್ಟೆ.

ಕೊನೆಯ ಸ್ಟೇಷನ್ನಿನಲ್ಲಿ ಚಾಲಕಿ ಈ ತುದಿಯ ಕ್ಯಾಬಿನ್ ಬಿಟ್ಟು ಆ ತುದಿಯದಕ್ಕೆ ಹೋಗಬೇಕು. ಜನರೆಲ್ಲ ಇಳಿದುಹೋಗಿದ್ದರು. ಖಾಲಿ ಡಬ್ಬಿಯಲ್ಲಿ ಅಪ್ಪ ಒಬ್ಬನೇ ಕೂತಿದ್ದ. ಮೊಣಕಾಲುಗಳ ನಡುವೆ ಚರಗಿ, ಕಣ್ಣು ಮಜ್ಜಿಗೆಯ ಮೇಲೆ.

"ಅಪ್ಪಾ! ಮೂರನೇದಕ್ಕ ಇಳೀಬೇಕಿತ್ತಲ್ಲ? ಅಲ್ಲಿ ಅವ್ವ ಕಾಯಾಕತ್ತಾಳ!"

ಅಪ್ಪ ತಲೆ ಎತ್ತದೆ, ಸುಮ್ಮನಿರು ಎಂದು ಕೈ ಮಾಡಿದ.

"ತಡೀಬೇ, ಗಾಡಿ ಇನ್ನ ನಿಂತಿಲ್ಲ."